ಕರೆಂಟ್ ಹೋಗಿ ಬಂದರೆ ಸುಮ್ಮನಾಗುವ ಚಾರ್ಜರ್: ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಬೈಕ್ ಬ್ಯಾಟರಿ ಚಾರ್ಜರ್ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಆಂಪ್ ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಕರೆಂಟ್ ಹೋಗಿ ಮತ್ತೆ ಬಂದಾಗ ಚಾರ್ಜರ್ ತಾನಾಗಿ ಕೆಲಸ ಶುರು ಮಾಡುತ್ತದಾ? ನನ್ನದು ಮಾಡುವುದಿಲ್ಲ. ಉಳಿದದ್ದೆಲ್ಲ ಚೆನ್ನಾಗಿದೆ, ಅದಕ್ಕೇ ಇಷ್ಟು ಬೇಜಾರು.

ಇದಕ್ಕೆ ಮುಂಚೆ ಇದ್ದದ್ದು ಟ್ರಾನ್ಸ್‌ಫಾರ್ಮರ್ ಇರುವ ಭಾರದ ಡಬ್ಬ. ಮುಂದೆ ಒಂದು ಮುಳ್ಳಿನ ಮೀಟರ್, ಎರಡು ಕ್ಲಿಪ್, ಅಷ್ಟೇ. ಬ್ಯಾಟರಿ ತುಂಬಿತೋ ಇಲ್ಲವೋ ಅದಕ್ಕೆ ತಿಳಿಯುತ್ತಿರಲಿಲ್ಲ. ತೆಗೆಯದೆ ಬಿಟ್ಟರೆ ವೋಲ್ಟೇಜ್ 15 ದಾಟಿ ಮೇಲೇರುತ್ತಿತ್ತು, ಬ್ಯಾಟರಿ ಒಳಗೆ ಗುಳ್ಳೆ ಏಳುವ ಸದ್ದು ಕೇಳಿಸುತ್ತಿತ್ತು. ನೀರು ಹಾಕುವ ಬ್ಯಾಟರಿ ಇದ್ದಷ್ಟು ದಿನ ಡಿಸ್ಟಿಲ್ಡ್ ವಾಟರ್ ತುಂಬಿಸಿದರೆ ನಡೆಯುತ್ತಿತ್ತು. ಈಗ ಬೈಕಿನಲ್ಲಿರುವುದು ಎಜಿಎಂ, ಅಂದರೆ ಆಸಿಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ, ಸೀಲ್ ಆದ ಲೆಡ್ ಆಸಿಡ್ ಬ್ಯಾಟರಿ. ಮುಚ್ಚಳ ತೆಗೆಯುವ ಹಾಗೇ ಇಲ್ಲ, ಜಾಸ್ತಿ ಚಾರ್ಜ್ ಆಗಿ ಒಳಗಿನ ನೀರು ಗ್ಯಾಸ್ ಆಗಿ ಹೊರಗೆ ಹೋದರೆ ಹೋಯಿತು, ವಾಪಸ್ ಹಾಕಲು ಬರುವುದಿಲ್ಲ. ಹಾಗಾಗಿ ಆ ಡಬ್ಬ ಒಂದು ದಿನ ಸುಟ್ಟ ವಾಸನೆ ಬಂದು ನಿಂತಾಗ ರಿಪೇರಿ ಮಾಡಿಸುವ ಮನಸ್ಸು ಬರಲಿಲ್ಲ.

ನನ್ನ ಬೈಕ್ ಹೆಚ್ಚಾಗಿ ನಿಂತೇ ಇರುತ್ತದೆ. ವಾರಕ್ಕೊಮ್ಮೆ ತೆಗೆಯುತ್ತೇನೆ, ಅದೂ ಹತ್ತಿರದ ಓಡಾಟ. ಸೆಲ್ಫ್ ಒತ್ತಿದಾಗ ಬ್ಯಾಟರಿಯಿಂದ ಹೋದದ್ದು ಅಷ್ಟರಲ್ಲಿ ಪೂರ್ತಿ ವಾಪಸ್ ತುಂಬುವುದಿಲ್ಲ. ಮೇಲೆ ಗಡಿಯಾರ, ಅಲಾರಂ, ಟ್ರ್ಯಾಕರ್ ಮೂರೂ ಸೇರಿ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತವೆ. ಲೆಡ್ ಆಸಿಡ್ ಬ್ಯಾಟರಿಯನ್ನು 12.4 ವೋಲ್ಟ್‌ಗಿಂತ ಕೆಳಗೆ ತುಂಬ ದಿನ ಬಿಟ್ಟರೆ ಒಳಗಿನ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಬ್ಯಾಟರಿ ಬೆಲೆ ನೋಡಿದವರಿಗೆ ಒಳ್ಳೆಯ ಚಾರ್ಜರ್ ದುಬಾರಿ ಅನ್ನಿಸುವುದಿಲ್ಲ.

ಆಂಪ್ ವಿಷಯ ಬೇಗ ಮುಗಿಸುತ್ತೇನೆ. ಬ್ಯಾಟರಿ ಎಷ್ಟು ಎಎಚ್ (ಆಂಪ್ ಅವರ್, ಅಂದರೆ ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಇದೆಯೋ ಅದರ ಹತ್ತನೇ ಒಂದು ಭಾಗದಷ್ಟು ಆಂಪ್ ಸಾಕು. ನನ್ನದು 9 ಎಎಚ್, ಚಾರ್ಜರ್ 1 ಆಂಪ್. ಖಾಲಿಯಾದ ಬ್ಯಾಟರಿ ತುಂಬಲು ಒಂದು ರಾತ್ರಿಯೆಲ್ಲ ಬೇಕು, ಬೇಕಾಗಲಿ ಬಿಡಿ, ಬೈಕ್ ಹೇಗೂ ನಿಂತಿರುತ್ತದಲ್ವಾ. ಬೇಗ ಆಗಲಿ ಅಂತ ಕಾರಿಗೆಂದು ಮಾಡಿದ ದೊಡ್ಡ ಚಾರ್ಜರನ್ನು ಇಷ್ಟು ಚಿಕ್ಕ ಬ್ಯಾಟರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಲಿಥಿಯಂ ಮೋಡ್ ಕೂಡ ಇದರಲ್ಲಿದೆ, ನನಗೆ ಕೆಲಸಕ್ಕೆ ಬಂದಿಲ್ಲ.

ಇಷ್ಟವಾದದ್ದು ಅದರ ಜೊತೆ ಬಂದ ಪುಟ್ಟ ವೈರು. ಒಂದು ತುದಿಯಲ್ಲಿ ಎರಡು ರಿಂಗ್, ಮಧ್ಯೆ ಫ್ಯೂಸ್, ಇನ್ನೊಂದು ತುದಿಯಲ್ಲಿ ರಬ್ಬರ್ ಮುಚ್ಚಳ ಇರುವ ಎರಡು ಪಿನ್ನಿನ ಎಸ್‌ಎಇ ಕನೆಕ್ಟರ್. ರಿಂಗ್‌ಗಳನ್ನು ಬ್ಯಾಟರಿ ಟರ್ಮಿನಲ್‌ಗೆ ಒಂದು ಸಲ ಬಿಗಿದು, ಕನೆಕ್ಟರನ್ನು ಸೈಡ್ ಪ್ಯಾನೆಲ್ ಪಕ್ಕದಿಂದ ಹೊರಗೆ ತಂದಿದ್ದೇನೆ. ಮುಂಚೆ ಸೀಟ್ ಬಿಚ್ಚಬೇಕಿತ್ತು, ಸ್ಪ್ಯಾನರ್ ಹುಡುಕಬೇಕಿತ್ತು, ಕ್ಲಿಪ್ ಜಾರಿ ಫ್ರೇಮ್‌ಗೆ ತಾಗದ ಹಾಗೆ ನೋಡಿಕೊಳ್ಳಬೇಕಿತ್ತು. ಹಾಗಾಗಿ ನಾಳೆ ಮಾಡೋಣ ಅಂತ ಮುಂದೆ ಹೋಗುತ್ತಲೇ ಇತ್ತು. ಈಗ ಬೈಕ್ ನಿಲ್ಲಿಸಿ, ಕೀ ತೆಗೆದು, ಬಗ್ಗಿ ರಬ್ಬರ್ ಮುಚ್ಚಳ ಸರಿಸಿ ಕನೆಕ್ಟರ್ ಒತ್ತಿದರೆ ಟಕ್ ಅಂತ ಕೂರುತ್ತದೆ. ಆಮೇಲೆ ಗೋಡೆಯ ಸ್ವಿಚ್. ಈ ಕ್ರಮ ಹೀಗೇ ಇರಬೇಕು, ಬಿಚ್ಚುವಾಗ ಸ್ವಿಚ್ ಮೊದಲು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರಬಹುದು, ಅದರ ಹತ್ತಿರ ಕಿಡಿ ಹಾರುವುದು ಬೇಡ. ಗಾಳಿ ಆಡುವ ಜಾಗವೂ ಬೇಕು.

ಕೆಂಪು ದೀಪ ಹತ್ತುತ್ತದೆ. ಗಂಟೆಗಳ ನಂತರ ಹಳದಿ, ಆಮೇಲೆ ಹಸಿರು. ಮೀಟರ್ ಇಟ್ಟು ನೋಡಿದೆ, 14.6ರವರೆಗೆ ಏರಿ ಸ್ವಲ್ಪ ಹೊತ್ತು ಅಲ್ಲೇ ನಿಂತು, ಹಸಿರು ಬಂದ ಮೇಲೆ 13.6ಕ್ಕೆ ಇಳಿದು ಅಲ್ಲೇ ಇರುತ್ತದೆ. ಎಜಿಎಂಗೆ ಬೇಕಾದದ್ದು ಇದೇ. ಬೆಳಿಗ್ಗೆ ಕನೆಕ್ಟರ್ ಕಿತ್ತು, ಕೆಲವು ಗಂಟೆ ಬಿಟ್ಟು ನೋಡಿದರೆ 12.8. ಸೆಲ್ಫ್ ಒತ್ತಿದ ತಕ್ಷಣ ಎಂಜಿನ್ ಎದ್ದೇಳುವ ಆ ಗಟ್ಟಿ ಸದ್ದು ಕೇಳಿದರೆ ನನಗೆ ಇವತ್ತಿಗೂ ಖುಷಿ.

ಇಲ್ಲಿಯವರೆಗೆ ಹೊಗಳಿಕೆಯೇ. ಮೊದಲ ಕೆಲವು ತಿಂಗಳು ನಾನೂ ಎಲ್ಲರಿಗೂ ಇದನ್ನೇ ತೆಗೆದುಕೊಳ್ಳಿ ಅನ್ನುತ್ತಿದ್ದೆ.

ಆಮೇಲೆ ಬೇರೆ ಊರಿಗೆ ಹೋಗುವ ಮುಂಚೆ ಚಾರ್ಜರ್ ಹಾಕಿ ಹೋದೆ. ವಾಪಸ್ ಬಂದಾಗ ಹಸಿರೂ ಇಲ್ಲ, ಕೆಂಪೂ ಇಲ್ಲ, ಸ್ಟ್ಯಾಂಡ್‌ಬೈ ದೀಪ ಒಂದೇ ಉರಿಯುತ್ತಿತ್ತು. ಬ್ಯಾಟರಿ 12.1ಕ್ಕೆ ಇಳಿದಿತ್ತು. ನಡುವೆ ಯಾವಾಗಲೋ ಕರೆಂಟ್ ಹೋಗಿ ಬಂದಿದೆ. ಚಾರ್ಜರ್ ಎದ್ದಿದೆ, ಆದರೆ ಯಾರಾದರೂ ಬಂದು ಮೋಡ್ ಬಟನ್ ಒತ್ತಲಿ ಅಂತ ಕಾಯುತ್ತಾ ಕೂತಿದೆ. ಒಂದು ನಿಮಿಷ ಕರೆಂಟ್ ಹೋದರೂ ಇದೇ ಕಥೆ, ಆಮೇಲೆ ಬೇಕಂತಲೇ ಸ್ವಿಚ್ ಆಫ್ ಮಾಡಿ ಮಾಡಿ ನೋಡಿದ್ದೇನೆ.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. 6 ವೋಲ್ಟ್, 12 ವೋಲ್ಟ್, ಎಜಿಎಂ, ಲಿಥಿಯಂ ಅಂತ ನಾಲ್ಕು ಮೋಡ್ ಇರುವಾಗ ತಪ್ಪು ಮೋಡ್‌ನಲ್ಲಿ ತಾನಾಗಿ ಶುರುವಾದರೆ ಬ್ಯಾಟರಿ ಹಾಳಾಗಬಹುದು. ಹಾಗಾಗಿ ಸ್ಟ್ಯಾಂಡ್‌ಬೈನಲ್ಲಿ ನಿಲ್ಲಿಸುವುದು ಸುರಕ್ಷಿತ. ಒಪ್ಪುತ್ತೇನೆ. ಆದರೆ ಕೊನೆಯ ಮೋಡ್ ನೆನಪಿಟ್ಟುಕೊಳ್ಳುವ ಚಾರ್ಜರ್‌ಗಳೂ ಇವೆ, ಅದೇನು ಆಗದ ಕೆಲಸವಲ್ಲ. ವಾರಗಟ್ಟಲೆ ಹಾಕಿ ಬಿಡಬಹುದು ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದವರು ಇಷ್ಟಾದರೂ ಮಾಡಬೇಕಿತ್ತು. ಹಳೆಯ ಡಬ್ಬಕ್ಕೆ ನಿಲ್ಲಿಸುವುದು ಗೊತ್ತಿರಲಿಲ್ಲ, ಇದಕ್ಕೆ ಮತ್ತೆ ಶುರು ಮಾಡುವುದು ಗೊತ್ತಿಲ್ಲ.

ಇನ್ನೂ ಒಂದು ಇದೆ. ಗೋಡೆಯ ಸ್ವಿಚ್ ಆಫ್ ಆಗಿ ಕನೆಕ್ಟರ್ ಮಾತ್ರ ಬೈಕಿಗೆ ಸಿಕ್ಕಿಸಿಯೇ ಇದ್ದರೆ, ಚಾರ್ಜರ್ ಬ್ಯಾಟರಿಯಿಂದಲೇ ಸ್ವಲ್ಪ ಎಳೆಯುತ್ತದೆ. ಮಧ್ಯೆ ಮೀಟರ್ ಹಾಕಿ ನೋಡಿದಾಗ 5 ಮಿಲಿಆಂಪ್ ಹತ್ತಿರ ಬಂತು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿ: ದಿನಕ್ಕೆ 24 ಗಂಟೆ, 30 ದಿನ, ಒಟ್ಟು 3.6 ಎಎಚ್. ನನ್ನ 9 ಎಎಚ್ ಬ್ಯಾಟರಿಯಲ್ಲಿ ನೂರಕ್ಕೆ 40 ಭಾಗ ಅದಕ್ಕೇ ಹೋಯಿತು, ಟ್ರ್ಯಾಕರ್ ಎಳೆಯುವುದು ಬೇರೆ. ಹಾಗಾಗಿ ಸ್ವಿಚ್ ಆಫ್ ಮಾಡಿದರೆ ಕನೆಕ್ಟರನ್ನೂ ಕಿತ್ತೇ ಬಿಡಬೇಕು.

ದಾರಿ ಹುಡುಕಿದೆ. ಟೈಮರ್ ಹಾಕಿ ದಿನಕ್ಕೆ ಎರಡು ಗಂಟೆ ಮಾತ್ರ ಓಡಿಸೋಣ ಅಂದರೆ ಪ್ರತಿದಿನ ಬಟನ್ ಒತ್ತುವವರು ಯಾರು? ಕಂಪ್ಯೂಟರ್‌ಗೆ ಹಾಕುವ ಯುಪಿಎಸ್ ಇಟ್ಟರೆ ಚಿಕ್ಕ ಪವರ್ ಕಟ್ ದಾಟಬಹುದು, ಆದರೆ ಅದರ ಬೆಲೆ ಚಾರ್ಜರ್‌ಗಿಂತ ಜಾಸ್ತಿ, ಮೇಲೆ ಅದರೊಳಗೂ ಒಂದು ಬ್ಯಾಟರಿ. ಕಂಪನಿಗೆ ಬರೆದೆ. ಉತ್ಪನ್ನದ ವಿನ್ಯಾಸವೇ ಹಾಗಿದೆ ಅಂತ ಎರಡು ಸಾಲು ಉತ್ತರ ಬಂತು. ಸಿಟ್ಟು ಬಂದದ್ದು ಆಗಲೇ.

ಒಂದು ವಿಷಯದಲ್ಲಿ ಮಾತ್ರ ಚಾರ್ಜರನ್ನು ಬೈಯಬೇಡಿ. ಪೂರ್ತಿ ಸತ್ತ ಬ್ಯಾಟರಿ ಹಾಕಿದರೆ ಅರ್ಧ ಗಂಟೆಯಲ್ಲೇ ಹಸಿರು ದೀಪ ಬಂದುಬಿಡುತ್ತದೆ ಅಂತ ತುಂಬ ಜನ ದೂರುತ್ತಾರೆ. ಸಲ್ಫೇಟ್ ಕೂತ ಬ್ಯಾಟರಿಯಲ್ಲಿ ವೋಲ್ಟೇಜ್ ಬೇಗ ಏರುತ್ತದೆ, ಒಳಗೆ ತುಂಬಿಕೊಳ್ಳುವ ಜಾಗವೇ ಕಡಿಮೆ ಆಗಿರುತ್ತದೆ. ಒಂದು ರಾತ್ರಿ ಬಿಟ್ಟು ಅಳೆದು ನೋಡಿ. 12.4ಕ್ಕಿಂತ ಕೆಳಗೆ ಇಳಿದಿದ್ದರೆ, ಸೆಲ್ಫ್ ಒತ್ತಿದಾಗ 9ರ ಹತ್ತಿರ ಕುಸಿದರೆ, ಬ್ಯಾಟರಿಯೇ ಬದಲಾಯಿಸಬೇಕು.

ನಾನು ಇದನ್ನು ಮಾರುವುದಿಲ್ಲ. ಮನೆಯಲ್ಲೇ ಇರುವ ದಿನಗಳಲ್ಲಿ ಇದಕ್ಕಿಂತ ಸುಲಭದ ಚಾರ್ಜರ್ ಬೇಕಾಗಿಲ್ಲ, ದಿನಕ್ಕೊಮ್ಮೆ ದೀಪದ ಕಡೆ ಕಣ್ಣು ಹಾಯಿಸಿದರೆ ಸಾಕು. ಊರಿಗೆ ಹೋಗುವಾಗ ಮಾತ್ರ ಕನೆಕ್ಟರ್ ಕಿತ್ತು, ಬ್ಯಾಟರಿಯ ನೆಗೆಟಿವ್ ಕಳಚಿ ಹೋಗುತ್ತೇನೆ. ತುಂಬಿದ ಬ್ಯಾಟರಿ ಯಾವ ಲೋಡೂ ಇಲ್ಲದೆ ಒಂದೆರಡು ತಿಂಗಳು ಆರಾಮಾಗಿ ಇರುತ್ತದೆ. ಹಾಕಿ ಮರೆತುಬಿಡಬೇಕು ಅನ್ನುವವರು, ಕರೆಂಟ್ ಆಗಾಗ ಹೋಗುವ ಕಡೆ ಇರುವವರು ಇದನ್ನು ಕೊಳ್ಳಬೇಡಿ. ಬೇರೆ ಯಾವುದೇ ಕೊಳ್ಳುವುದಿದ್ದರೂ ಅಂಗಡಿಯಲ್ಲೇ ಒಂದು ಬ್ಯಾಟರಿಗೆ ಸಿಕ್ಕಿಸಿ ಶುರು ಮಾಡಿಸಿ. ಪ್ಲಗ್ ಕಿತ್ತು, ಎಲ್ಲ ದೀಪ ಆರುವವರೆಗೆ ಕಾದು, ಮತ್ತೆ ಹಾಕಿ. ಬಟನ್ ಮುಟ್ಟದೆ ಚಾರ್ಜಿಂಗ್ ದೀಪ ಬಂದರೆ ದುಡ್ಡು ಕೊಡಿ, ಸ್ಟ್ಯಾಂಡ್‌ಬೈ ದೀಪ ಮಾತ್ರ ಬಂದರೆ ಬೇರೆ ಮಾಡೆಲ್ ತೋರಿಸಿ ಅನ್ನಿ.