ಕಿನಬಟಂಗನ್ ನದಿಯ ದಂಡೆಯಲ್ಲಿ ಎರಡು ರಾತ್ರಿ, ನಾಲ್ಕು ದೋಣಿಯಾನ

ಮಲೇಷ್ಯಾದ ಸಬಾ ರಾಜ್ಯದಲ್ಲಿ 560 ಕಿಲೋಮೀಟರ್ ಹರಿಯುವ ಕಿನಬಟಂಗನ್ ನದಿಯ ಕೆಳಪಾತ್ರದಲ್ಲಿ ಸುಕಾವ್ ಎಂಬ ಹಳ್ಳಿಯಿದೆ. ಅಲ್ಲಿನ ದಂಡೆಯ ವಸತಿಗೃಹಗಳ ಪೈಕಿ ಒಂದರಲ್ಲಿ ನಾವು ಜೂನ್ ತಿಂಗಳಿನಲ್ಲಿ ಎರಡು ರಾತ್ರಿ ತಂಗಿದ್ದೆವು. ಊಟ, ವಸತಿ ಮತ್ತು ನಾಲ್ಕು ದೋಣಿಯಾನಗಳು ಒಂದೇ ಪ್ಯಾಕೇಜಿನಲ್ಲಿ ಸೇರಿದ್ದವು. ಕೋಣೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸೊಳ್ಳೆಪರದೆ ಹರಿದಿರಲಿಲ್ಲ, ಫ್ಯಾನು ತಿರುಗುತ್ತಿತ್ತು, ಹಾಸಿಗೆಗೆ ತೇವದ ವಾಸನೆಯಿತ್ತು. ಮಳೆಕಾಡಿನ ನದಿದಂಡೆಯಲ್ಲಿ ಆ ವಾಸನೆ ಇಲ್ಲದಿದ್ದರೇ ಆಶ್ಚರ್ಯ. ಅಲ್ಲಿ ನಾವು ದುಡ್ಡು ಕೊಡುವುದು ದೋಣಿಗೆ ಮತ್ತು ದೋಣಿ ನಡೆಸುವವರ ಕಣ್ಣಿಗೆ.

ಆ ಕಣ್ಣಿಗೆ ಪೂರ್ಣ ಅಂಕ ಕೊಡುತ್ತೇನೆ. ಮೊದಲ ಸಂಜೆ ಮೆನಂಗುಲ್ ಎಂಬ ಕಿರಿದಾದ ಉಪನದಿಯೊಳಕ್ಕೆ ತಿರುಗುತ್ತಲೇ ನಮ್ಮ ದೋಣಿಯವರು ಪೆಟ್ರೋಲ್ ಎಂಜಿನ್ ಆರಿಸಿ ಬ್ಯಾಟರಿಯ ಮೋಟಾರು ಹಾಕಿದರು. ಅದರೊಂದಿಗೆ ಅಷ್ಟು ಹೊತ್ತು ಕೇಳಿಸದಿದ್ದ ಕಾಡೆಲ್ಲ ಕಿವಿಗೆ ಬಿತ್ತು. ತಲೆಯ ಮೇಲಿನ ಮರದಲ್ಲಿ ರೆಂಬೆ ಮುರಿಯುವ ಸದ್ದು, ಆಮೇಲೆ ನೀರಿಗೆ ಬಿದ್ದ ಎಲೆಗಳು, ಕೊನೆಗೆ ಅವುಗಳನ್ನು ಉದುರಿಸುತ್ತಿದ್ದ ಉದ್ದಮೂಗಿನ ಕೋತಿಗಳ ಹಿಂಡು. ಬೋರ್ನಿಯೋ ದ್ವೀಪವನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಕೋತಿಗಳು ರಾತ್ರಿ ಮಲಗಲು ನದಿಯಂಚಿನ ಮರಗಳಿಗೇ ಬರುವುದರಿಂದ ಸಂಜೆಯ ದೋಣಿಯಲ್ಲಿ ಅವು ತಪ್ಪುವುದು ಅಪರೂಪ. ಗಂಡಿನ ಮೂಗು ಬಾಯಿಯಿಂದಲೂ ಕೆಳಕ್ಕೆ ಜೋತುಬಿದ್ದಿತ್ತು. ಡೊಳ್ಳುಹೊಟ್ಟೆಯನ್ನು ಮುಂದಿಟ್ಟುಕೊಂಡು ಊಟ ಮುಗಿಸಿದ ಯಜಮಾನರಂತೆ ಕೂತಿತ್ತು.

ಬೋರ್ನಿಯೋದ ಎಂಟೂ ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಈ ಪ್ರದೇಶದಲ್ಲಿವೆ ಎಂದು ವಸತಿಗೃಹದ ಕರಪತ್ರ ಹೇಳುತ್ತದೆ. ಮಾತು ನಿಜವೇ, ಆದರೆ ಎರಡು ದಿನಕ್ಕೆ ಎಂಟೂ ಸಿಗುತ್ತವೆ ಎಂದು ಓದಿಕೊಳ್ಳಬಾರದು. ನಮಗೆ ನಾಲ್ಕು ಸಿಕ್ಕವು. ಖಡ್ಗಮೃಗದ ಕೊಂಬಿನಂತೆ ಮೇಲಕ್ಕೆ ಬಾಗಿದ ಕಿತ್ತಳೆ ಕಿರೀಟದ ದೊಡ್ಡ ಮಂಗಟ್ಟೆ ನದಿ ದಾಟಿದಾಗ ಹಕ್ಕಿಗಿಂತ ಮೊದಲು ಅದರ ರೆಕ್ಕೆಯ ಸದ್ದು ಬಂತು. ಗಟ್ಟಿ ಕಿರೀಟದ ಆಸೆಗೆ ಬೇಟೆಯಾಗಿ ಅಳಿವಿನಂಚಿಗೆ ತಲುಪಿರುವ ಇನ್ನೊಂದು ಜಾತಿಯ ಕೂಗು ಮಾತ್ರ ಕೇಳಿತು: ಬಿಡಿಬಿಡಿಯಾಗಿ ಆರಂಭವಾಗಿ, ವೇಗ ಹೆಚ್ಚುತ್ತಾ ಹೋಗಿ, ಹುಚ್ಚು ನಗೆಯಲ್ಲಿ ಮುಗಿಯುವ ಕೂಗು.

ನನ್ನ ದೊಡ್ಡ ತಕರಾರು ಬೆಳಗಿನ ವೇಳೆಯ ಬಗ್ಗೆ. ಸೂರ್ಯ ಆರು ಗಂಟೆಯ ಹೊತ್ತಿಗೇ ಮೂಡುವ ಆ ನಾಡಿನಲ್ಲಿ ಚಹಾ, ಬಿಸ್ಕತ್ತು ಮುಗಿಸಿ ದೋಣಿ ಬಿಟ್ಟದ್ದು ಆರೂ ಮುಕ್ಕಾಲಿಗೆ. ಹಕ್ಕಿ ನೋಡಲು ಬಂದವರಿಗೆ ಆ ಮುಕ್ಕಾಲು ಗಂಟೆಯ ನಷ್ಟವನ್ನು ಎಂಥ ಉಪಾಹಾರವೂ ತುಂಬಿಕೊಡಲಾರದು. ಬಾಡಿಗೆಗೆ ಕೊಟ್ಟ ದುರ್ಬೀನಿನ ಗಾಜಿನೊಳಗೆ ಬೂಷ್ಟು ಹಿಡಿದಿತ್ತು, ನಿಮ್ಮದನ್ನೇ ಒಯ್ಯಿರಿ. ಎರಡನೆಯ ಸಂಜೆ ದಂಡೆಗೆ ಆನೆಗಳು ಬಂದ ಸುದ್ದಿ ಹರಡಿ ಒಂಬತ್ತು ದೋಣಿಗಳು ಒಂದೆಡೆ ಸೇರಿದವು. ಹಿಂದೆ ಸರಿಯೋಣವೆಂದು ನಾವಿಬ್ಬರು ಕೇಳಿಕೊಂಡರೂ ಉಳಿದ ಹತ್ತು ಪ್ರಯಾಣಿಕರ ಫೋಟೋದ ಆಸೆಗೆ ನಮ್ಮ ದೋಣಿಯೂ ಮುಂದೆ ನುಗ್ಗಿತು. ಮರಿಯಿದ್ದ ತಾಯಾನೆ ಹುಲ್ಲು ಬಿಟ್ಟು ಒಳಸರಿಯಿತು. ಇದಕ್ಕೆ ದೋಣಿಯವರಿಗಿಂತ ನಿಯಮ ಹೇಳಿಕೊಡದ ವಸತಿಗೃಹವನ್ನೇ ದೂರಬೇಕು.

ಪ್ರಾಣಿಗಳು ಇಲ್ಲಿ ಇಷ್ಟು ಸಲೀಸಾಗಿ ಕಾಣಲು ಒಂದು ಕಾರಣವನ್ನು ಕರಪತ್ರ ಹೇಳುವುದಿಲ್ಲ. 2005ರಲ್ಲಿ ಘೋಷಿತವಾದ ವನ್ಯಧಾಮವು ಸುಮಾರು 26,000 ಹೆಕ್ಟೇರಿನ ಬಿಡಿ ತುಂಡುಗಳಲ್ಲಿ ನದಿಗೆ ಅಂಟಿಕೊಂಡಿದ್ದು, ಅದರಾಚೆ ಎಣ್ಣೆತಾಳೆಯ ತೋಟಗಳಿರುವುದರಿಂದ ಪ್ರಾಣಿಗಳಿಗೆ ಉಳಿದಿರುವುದು ನದಿಯಂಚಿನ ಕಾಡಷ್ಟೇ. ಸಂಡಕನ್‌ನಿಂದ ಬರುವ ರಸ್ತೆಯಲ್ಲಿ ಕಿಟಕಿಯಾಚೆ ಬಹುಪಾಲು ಕಂಡದ್ದೂ ಆ ತೋಟಗಳೇ.

ಐದರಲ್ಲಿ ಮೂರೂವರೆ ಅಂಕ. ಮತ್ತೆ ಹೋದರೆ ಮುಂಗಡ ಕಟ್ಟುವ ಮೊದಲೇ ದೋಣಿಗೆ ಎಷ್ಟು ಜನ, ಬೆಳಗ್ಗೆ ಎಷ್ಟು ಗಂಟೆಗೆ ಹೊರಡುತ್ತದೆ ಎಂಬ ಎರಡನ್ನೂ ಬರಹದಲ್ಲಿ ಕೇಳಿ ಪಡೆಯುತ್ತೇನೆ.