ಪ್ಲೇಟ್ ವೆಲ್ಡ್ ಮಾಡೋದಾ, ಕಾರ್ಬನ್ ಪಟ್ಟಿ ಅಂಟಿಸೋದಾ?

ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಶೆಡ್. ಅಟ್ಟದ ಮೇಲೆ ಕಾಗದದ ರೋಲ್ ಜಾಸ್ತಿಯಾಗಿ ಕೆಳಗಿನ, I ಆಕಾರದ ಉಕ್ಕಿನ ತೊಲೆಗಳಾದ ಐ-ಬೀಮ್‌ಗಳು ಬಾಗುತ್ತಿದ್ದವು. 6 ಮೀಟರ್ ಉದ್ದ, 300 ಮಿ.ಮೀ. ಎತ್ತರದ ಬೀಮ್‌ಗಳು. ಮಾಲೀಕರಿಗೆ ಯಾರೋ ಕಾರ್ಬನ್ ಫೈಬರ್ ಹುಚ್ಚು ಹತ್ತಿಸಿದ್ದರು. ಸರಿ ಸಾರ್, ಒಂದು ಬೀಮಿನ ಅಡಿಗೆ ಅದರ ಪಟ್ಟಿ, ಪಕ್ಕದ್ದಕ್ಕೆ ಉಕ್ಕಿನ ಪ್ಲೇಟ್, ಎರಡನ್ನೂ ನೋಡೇ ಬಿಡೋಣ ಅಂದೆ.

ಪ್ಲೇಟಿನದು ಗೊತ್ತಿರುವ ಕೆಲಸ. 160 ಮಿ.ಮೀ. ಅಗಲ, 8 ಮಿ.ಮೀ. ದಪ್ಪ, 5 ಮೀಟರ್ ಉದ್ದ. ಬೀಮಿನ ಅಡಿಯ ಚಪ್ಪಟೆ ಭಾಗದ (ಫ್ಲೇಂಜ್) ಅಗಲ 140, ಪ್ಲೇಟ್ ಬೇಕಂತಲೇ ಅದಕ್ಕಿಂತ ಅಗಲ. ಆಗ ವೆಲ್ಡರ್ ತಲೆ ಎತ್ತಿ ಕಿಡಿ ತಿನ್ನಬೇಕಿಲ್ಲ, ಮೇಲಿಂದಲೇ ವೆಲ್ಡ್ ಬೀಳುತ್ತದೆ. ಆದರೆ ಪ್ಲೇಟ್ ತೂಕ 50 ಕೆ.ಜಿ.! ಎತ್ತಲು ನಾಲ್ಕು ಜನ. ಸುತ್ತಲಿನ ರಟ್ಟೆಲ್ಲ ಹೊರಗೆ ಸಾಗಿಸಿ, ಮರಳಿನ ಬಕೆಟ್ ಇಟ್ಟುಕೊಂಡು ಒಂದು ದಿನ ಮಿಷನ್ ನಿಲ್ಲಿಸಬೇಕಾಯಿತು.

ಕಾರ್ಬನ್ ಪಟ್ಟಿ 100 ಮಿ.ಮೀ. ಅಗಲ, 1.4 ಮಿ.ಮೀ. ದಪ್ಪ. ಅಷ್ಟೇ ಉದ್ದಕ್ಕೆ ಸುಮಾರು 1 ಕೆ.ಜಿ. ಹುಡುಗ ಹೆಗಲಿಗೆ ಹಾಕಿಕೊಂಡು ಬಂದ. ಕಷ್ಟ ಇರೋದು ಅಂಟಿನಲ್ಲಿ. ಉಕ್ಕನ್ನು ಬ್ಲಾಸ್ಟಿಂಗ್ ಮಾಡಿ, ಅಂದರೆ ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು, ತರಿತರಿ ಮಾಡಬೇಕು, ಅವತ್ತೇ ಎಪಾಕ್ಸಿ ಅಂಟು ಹಚ್ಚಬೇಕು. ನಾವು ಸುಮ್ನೆ ಗ್ರೈಂಡರ್ ಹೊಡೆದು ಮಾರನೇ ದಿನಕ್ಕೆ ಬಿಟ್ಟೆವು. ರಾತ್ರಿ ಮಳೆ. ಬೆಳಗ್ಗೆ ಅರಿಶಿನ ಬಳಿದಂತೆ ತೆಳು ತುಕ್ಕು. ಒರೆಸಿ ಅಂಟಿಸಿದ್ದಾಯಿತು. ವಾರದ ಮೇಲೆ ನಾಣ್ಯದಿಂದ ತಟ್ಟಿದರೆ ಒಂದು ತುದಿಯಲ್ಲಿ ಟೊಳ್ಳು ಸದ್ದು. ಪಟ್ಟಿ ಬಿಟ್ಟುಕೊಳ್ಳೋದು ತುದಿಯಿಂದಲೇ. ಕಿತ್ತು ಹೊಸ ಪಟ್ಟಿ ಹಾಕಿದೆವು, ಖರ್ಚು ನನ್ನದೇ. ಪಟ್ಟಿಗೂ ಉಕ್ಕಿಗೂ ಮಧ್ಯೆ ಗ್ಲಾಸ್ ಫೈಬರ್ ಬಟ್ಟೆ ಒಂದು ಪದರ ಇರಲೇಬೇಕು. ಕಾರ್ಬನ್ ನೇರವಾಗಿ ಉಕ್ಕಿಗೆ ತಾಗಿ ತೇವ ಸೇರಿದರೆ ಬ್ಯಾಟರಿಯ ಹಾಗಾಗಿ ಉಕ್ಕಿಗೇ ತುಕ್ಕು ಹಿಡಿಯುತ್ತದೆ.

ಎರಡಕ್ಕೂ ಅಷ್ಟಷ್ಟೇ ರೋಲ್ ಹೇರಿ, ಬಾಗು ಅಳೆಯುವ ಡಯಲ್ ಗೇಜ್ ಇಟ್ಟೆವು. ಮೊದಲು ಎರಡೂ 10 ಮಿ.ಮೀ. ಬಾಗುತ್ತಿದ್ದವು. ಈಗ ಪ್ಲೇಟ್ ಹಾಕಿದ್ದು 8ರ ಹತ್ತಿರ. ಕಾರ್ಬನ್ ಹಾಕಿದ್ದು 9.7. ಮಾಲೀಕರ ಮುಖ ನೋಡಬೇಕಿತ್ತು.

ಪಟ್ಟಿಯದು ತಪ್ಪಲ್ಲ. ಎಳೆತ ತಡೆಯುವುದರಲ್ಲಿ ಅದು ಸಾಮಾನ್ಯ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಆದರೆ ಬಾಗದಂತೆ ಹಿಡಿಯುವ ಬಿಗಿ ಬೇರೆ ಲೆಕ್ಕ. ಉಕ್ಕಿನದು ಸುಮಾರು 200 ಗಿಗಾಪಾಸ್ಕಲ್ (ಬಿಗಿ ಅಳೆಯುವ ಮಾನ), ಈ ಪಟ್ಟಿಯದು 165ರ ಆಸುಪಾಸು. ಅದೂ 1.4 ಮಿ.ಮೀ. ದಪ್ಪದಲ್ಲಿ! ಕಾಂಕ್ರೀಟಿನ ಬಿಗಿ 25–30 ಅಷ್ಟೇ, ಹಾಗಾಗಿ ಅಲ್ಲಿ ಇದೇ ಪಟ್ಟಿಗೆ ಬೆಲೆ ಜಾಸ್ತಿ. ಇದಕ್ಕಿಂತ ಬಿಗಿಯಾದ ಕಾರ್ಬನ್ ಕೂಡ ಬರುತ್ತೆ, ರೇಟು ಕೇಳಿ ಸುಮ್ಮನಾದೆ. ಇನ್ನೊಂದು, ಸಾಮಾನ್ಯ ಎಪಾಕ್ಸಿ 50–60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಛಾವಣಿಗೆ ತಾಗಿದ ಬೀಮಿಗೆ ನಾನಂತೂ ಅಂಟಿಸಲ್ಲ.

ಮೂರನೇ ಬೀಮಿಗೆ ಪ್ಲೇಟ್ ಕತ್ತರಿಸಲು ಕೊಟ್ಟಿದ್ದೇನೆ. ರೋಲಿನಲ್ಲಿ ಉಳಿದ 3 ಮೀಟರ್ ಪಟ್ಟಿಯನ್ನು ಎತ್ತಿಟ್ಟಿದ್ದೇನೆ. ಪಕ್ಕದ ಶೆಡ್‌ನ ಕ್ರೇನ್ ಬೀಮಿನಲ್ಲಿ ಹಳೇ ವೆಲ್ಡ್ ಪಕ್ಕವೇ ಕೂದಲೆಳೆ ಬಿರುಕು ಬಿಟ್ಟಿದೆ. ಅಲ್ಲಿ ಮತ್ತೆ ವೆಲ್ಡಿಂಗ್ ಕಾವು ಕೊಡಲು ಧೈರ್ಯ ಇಲ್ಲ. ಈ ಸಲ ಬ್ಲಾಸ್ಟಿಂಗ್‌ನವನಿಗೆ ಮೊದಲೇ ಹೇಳಿಟ್ಟಿದ್ದೇನೆ.