ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡದೆ ಅಡ್ವಾನ್ಸ್ ಕೊಡಬೇಡಿ

ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. 2024ರ ಮೇ ತಿಂಗಳಲ್ಲಿ 31 ಲಕ್ಷ ಕೊಟ್ಟು ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಲಕ್ಷುರಿ ಎಸ್‌ಯುವಿ ತಂದೆವು. ಇವತ್ತು ಅದು ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ. ಪ್ರವಾಹದ ನೀರಲ್ಲಿ ಸೀಟಿನ ಮಟ್ಟಕ್ಕೆ ಮುಳುಗಿದ್ದ ಗಾಡಿ ಅದು. ಮಾರಿದವರು ಹೇಳಲಿಲ್ಲ, ನಮಗೆ ನೋಡುವ ಬಗೆ ಗೊತ್ತಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ ಶೇ. 50ರವರೆಗೆ ಇದ್ದ ತೆರಿಗೆ ಶೇ. 40ಕ್ಕೆ ಇಳಿಯಿತಲ್ಲ, ಆಮೇಲೆ ನಮ್ಮ ಕಡೆ ಇಂಥ ಗಾಡಿ ಹುಡುಕುವವರು ಹೆಚ್ಚಾಗಿದ್ದಾರೆ. ವಾರಕ್ಕೊಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. ಅದಕ್ಕೇ ಆದದ್ದನ್ನೆಲ್ಲ ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ.

ಗಾಡಿಯ ಕಂಪನಿ ಯಾವುದು, ಮಾರಿದವರು ಯಾರು ಅಂತ ಬರೆಯುವುದಿಲ್ಲ. ಕೇಸು ನಡೆಯುತ್ತಿದೆ. ಗಾಡಿ ತಯಾರಿಸಿದವರದ್ದಂತೂ ಇದರಲ್ಲಿ ತಪ್ಪಿಲ್ಲ.

ಆ ವರ್ಷ ರೊಬಸ್ಟಾ ಕಾಫಿಗೆ ನಮ್ಮ ಅಪ್ಪಯ್ಯನ ಕಾಲದಲ್ಲೂ ಕಾಣದಂಥ ಬೆಲೆ ಬಂದಿತ್ತು. ಹಳೇ ಬೊಲೆರೊ ಇರಲಿ, ಅಮ್ಮನನ್ನು ಹಾಸನ, ಮಂಗಳೂರು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕೆ ಮೈ ಕುಲುಕದ ಒಂದು ಗಾಡಿ ಇರಲಿ ಅಂದುಕೊಂಡೆವು. ಬೆಂಗಳೂರಿನಲ್ಲಿರುವ ಬಾವನೂ ನಾನೂ ಮೂರು ತಿಂಗಳು ಲೆಕ್ಕ ಹಾಕಿದೆವು. ಬಿಎಂಡಬ್ಲ್ಯು ಎಕ್ಸ್1, ಮರ್ಸಿಡಿಸ್ ಜಿಎಲ್‌ಎ, ಆಡಿ ಕ್ಯೂ3. ಆಗಿನ ಹೊಸ ಎಕ್ಸ್1 ಪೆಟ್ರೋಲಿಗೆ ಮೂರೇ ಸಿಲಿಂಡರಿನ 1.5 ಲೀಟರ್ ಎಂಜಿನ್, 136 ಅಶ್ವಶಕ್ತಿ. ಜಿಎಲ್‌ಎ 200ಕ್ಕೆ 1.3 ಲೀಟರ್, 163. ಕ್ಯೂ3ಗೆ 2 ಲೀಟರ್, 190, ಜೊತೆಗೆ ನಾಲ್ಕೂ ಚಕ್ರಕ್ಕೆ ಎಳೆತ. ನಮ್ಮ ಏರಿಗೆ ಯಾವುದು ಸರಿ, ಹಿಂದಿನ ಸೀಟಲ್ಲಿ ಅಮ್ಮ ಕಾಲು ಚಾಚಬಹುದೇ, ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎಂದು ಒಂದೊಂದನ್ನೂ ಬರೆದಿಟ್ಟೆವು. ಇವೆಲ್ಲ ನೋಡಲು ಎತ್ತರವಾಗಿದ್ದರೂ ಕಾರಿನ ಬುಡದ ಮೇಲೇ ಕಟ್ಟಿದ ಕ್ರಾಸ್‌ಓವರ್‌ಗಳು, ಫಾರ್ಚೂನರ್ ಥರ ಚಾಸಿ ಮೇಲೆ ಕೂತ ಗಾಡಿಗಳಲ್ಲ ಅನ್ನುವುದನ್ನೂ ತಿಳಿದುಕೊಂಡೆವು. ಆ ಲೆಕ್ಕದಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಅದೆಲ್ಲ ಮಾಡೆಲ್‌ಗಳ ಲೆಕ್ಕ. ನಾವು ತಂದದ್ದು ಒಂದು ಗಾಡಿಯನ್ನು. ಆ ಒಂದು ಗಾಡಿ ಮೂರು ವರ್ಷ ಎಲ್ಲಿತ್ತು, ಏನು ಅನುಭವಿಸಿತ್ತು ಅನ್ನುವುದಕ್ಕೆ ನಮ್ಮ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಹೊಸದು ಬಿಟ್ಟು ಹಳೆಯದಕ್ಕೆ ಯಾಕೆ ಹೋದಿರಿ ಅಂತ ಕೇಳುವವರಿಗೆ ಉತ್ತರ ಇಷ್ಟೇ, ತೆರಿಗೆ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಶೇ. 18 ಇತ್ತು, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಎಕ್ಸ್ ಶೋರೂಮ್ 50 ಲಕ್ಷದ ಗಾಡಿಗೆ ಆರ್‌ಟಿಒಗೇ ಸುಮಾರು 10 ಲಕ್ಷ. ಇನ್ಶೂರೆನ್ಸ್ ಬೇರೆ. ಮೂರು ವರ್ಷದ ಹಳೇ ಗಾಡಿಯಾದರೆ ಆ ತೆರಿಗೆಯನ್ನು ಮೊದಲನೇ ಮಾಲೀಕರು ಕಟ್ಟಿ ಆಗಿರುತ್ತದೆ. ದೆಹಲಿ ಕಡೆಯ ಡೀಸೆಲ್ ಗಾಡಿ ಇನ್ನೂ ಕಡಿಮೆಗೆ ಸಿಗುತ್ತದೆ ಅಂತ ಒಬ್ಬರು ಹೇಳಿದ್ದರು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದ ಮೇಲೆ ಹಳೇ ಗಾಡಿಗಳು ಹೊರ ರಾಜ್ಯಗಳಿಗೆ ಬರತೊಡಗಿದವು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ತರಬೇಕು, ಗಾಡಿಯ ವಯಸ್ಸು ನೋಡಿ ಇಲ್ಲಿನ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಆ ತಂಟೆಯೇ ಬೇಡ, ಕೆಎ ನಂಬರಿನದೇ ಇರಲಿ ಅಂದೆವು. ಕೆಎ ನಂಬರ್ ಇದ್ದರೆ ಹೆದರುವುದೇನಿಲ್ಲ ಅಂದುಕೊಂಡದ್ದೇ ನಮ್ಮ ದೊಡ್ಡ ತಪ್ಪು.

ಗಾಡಿ 2021ರ ಮಾರ್ಚ್‌ನದು. ಒಬ್ಬರೇ ಮಾಲೀಕರು, 34 ಸಾವಿರ ಕಿಲೋಮೀಟರ್. 200 ಕಡೆ ಪರೀಕ್ಷೆ ಮಾಡಿದ್ದೇವೆ ಅಂತ ಹಸಿರು ಟಿಕ್ ಹಾಕಿದ ಒಂದು ಪಟ್ಟಿ ಕೊಟ್ಟರು. ನಾವು ಹೊರವರ್ತುಲ ರಸ್ತೆಯಲ್ಲಿ ಓಡಿಸಿ ನೋಡಿದೆವು, ಬೆಣ್ಣೆ ಹಾಗೆ ಹೋಯಿತು. ಅಪಘಾತ ಆಗಿದೆಯಾ ಅಂತ ಕೇಳಿದೆ. "ಒಂದು ಗೀರೂ ಇಲ್ಲ ಸಾರ್, ಬೇಕಾದ್ರೆ ಪೇಂಟ್ ಮೀಟರ್ ಇಟ್ಟು ನೋಡ್ಕೊಳ್ಳಿ" ಅಂದರು. ಅದು ನಿಜವೇ ಆಗಿತ್ತು. ನೀರಿಗೆ ಬಿದ್ದಿತ್ತಾ ಅಂತ ನಾನು ಕೇಳಲೇ ಇಲ್ಲ.

ಮನೆಗೆ ತಂದ ದಿನ ಪೂಜೆ ಮಾಡಿ, ನಿಂಬೆಹಣ್ಣು ಹತ್ತಿಸಿ, ಅಮ್ಮನನ್ನು ಮುಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದೆ. ಇಳಿಯುವಾಗ ಅಮ್ಮ ಅಂದರು, "ಒಳಗೆ ಎಂತದೋ ಮುಗ್ಗಲು ವಾಸನೆ ಬರ್ತದಲ್ಲ ಮಗಾ." ಸೆಂಟಿನ ವಾಸನೆ ಇರಬೇಕು ಅಂದೆ. ಆದರೆ ಅಮ್ಮನ ಮೂಗು ನಲವತ್ತು ವರ್ಷ ಕಾಫಿ ಮೂಟೆಗಳ ನಡುವೆ ಓಡಾಡಿದ ಮೂಗು. ಸರಿಯಾಗಿ ಒಣಗದೆ ಗೋದಾಮಿಗೆ ಹೋದ ಚೆರ್ರಿಯ ವಾಸನೆ ಅವರಿಗೆ ಗೇಟಿನಲ್ಲೇ ಗೊತ್ತಾಗುತ್ತದೆ. ಆ ಮಾತನ್ನು ಅವತ್ತೇ ಗಂಭೀರವಾಗಿ ತೆಗೆದುಕೊಂಡು ಕಾರ್ಪೆಟ್ ಎತ್ತಿಸಿದ್ದಿದ್ದರೆ ಗಾಡಿ ಮಾರನೇ ದಿನವೇ ವಾಪಸ್ ಹೋಗುತ್ತಿತ್ತು.

ಜುಲೈ ಕೊನೆಯಲ್ಲಿ ಅಮ್ಮನಿಗೆ ಹಾಸನದಲ್ಲಿ ಕಣ್ಣಿನ ಆಪರೇಷನ್ ಆಯಿತು. ಸಂಜೆ ಕರೆದುಕೊಂಡು ಬರುತ್ತಿದ್ದೆ. ಆಲೂರು ದಾಟಿ ಬಾಳ್ಳುಪೇಟೆ ಹತ್ತಿರ ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಮೊದಲು ಏರ್‌ಬ್ಯಾಗ್ ದೀಪ, ಆಮೇಲೆ ಬ್ರೇಕಿನದು, ಆಮೇಲೆ ಒಂದರ ಹಿಂದೆ ಒಂದು ಎಲ್ಲವೂ ಹತ್ತಿಕೊಂಡವು. ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ, ಅಲ್ಲಿಗೆ ಎಂಜಿನ್ನೂ ಆಫ್. ಹ್ಯಾಂಡ್‌ಬ್ರೇಕೂ ಎಲೆಕ್ಟ್ರಿಕ್, ಗೇರೂ ಎಲೆಕ್ಟ್ರಾನಿಕ್. ಎರಡೂ ಹಿಡಿದುಕೊಂಡ ಮೇಲೆ ನಾಲ್ಕು ಜನ ಸೇರಿ ತಳ್ಳಿದರೂ ಅರ್ಧ ಅಡಿ ಅಲುಗಲಿಲ್ಲ. ಜಡಿಮಳೆ, ಪಕ್ಕದಲ್ಲೇ ಲಾರಿಗಳು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಮ್ಮ. ಊರಿಂದ ಪಿಕಪ್ ತರಿಸಿ ಅಮ್ಮನನ್ನು ಕಳಿಸುವಷ್ಟರಲ್ಲಿ ಒಂದೂವರೆ ಗಂಟೆ ಆಯಿತು.

ಹಾಸನದಿಂದ ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ ಸಾಬ್ರು ಬಂದರು. ಬಾನೆಟ್ ಎತ್ತುತ್ತಾರೆ ಅಂದುಕೊಂಡೆ. ಅವರು ಮುಂದಿನ ಬಾಗಿಲು ತೆಗೆದು, ಸೀಟ್ ಬೆಲ್ಟನ್ನು ಹಿಡಿದು ನಿಧಾನಕ್ಕೆ ಎಳೆಯತೊಡಗಿದರು. ನಾವು ದಿನಾ ಹಾಕಿಕೊಳ್ಳುವಷ್ಟು ಉದ್ದ ಕಪ್ಪಗೆ, ಶುಭ್ರವಾಗಿತ್ತು. ಅವರು ಇನ್ನೂ ಎಳೆದರು. ಕೊನೆಯ ಒಂದು ಅಡಿ ಹೊರಗೆ ಬಂದಾಗ ಟಾರ್ಚಿನ ಬೆಳಕಲ್ಲಿ ಕಂಡದ್ದು ಬೆಲ್ಟಿಗೆ ಅಡ್ಡಲಾಗಿ ಒಂದು ಗೆರೆ, ಅದರಾಚೆ ಮಣ್ಣಿನ ಬಣ್ಣ. ಹೇಮಾವತಿ ತುಂಬಿ ಇಳಿದ ಮೇಲೆ ಹೊಳೆಮಲ್ಲೇಶ್ವರ ದೇವಸ್ಥಾನದ ಗೋಡೆಯಲ್ಲಿ ಉಳಿಯುತ್ತದಲ್ಲ, ಅದೇ ಥರದ ಗುರುತು. "ಅಣ್ಣಾ, ಇದು ನೀರು ಕುಡಿದ ಗಾಡಿ" ಅಂದರು ಸಾಬ್ರು. ಆಮೇಲೆ ಸೀಟಿನ ಕೆಳಗೆ ಕೈ ಹಾಕಿ, ಸೀಟ್ ಹಿಂದೆ ಮುಂದೆ ಜಾರುವ ಕಂಬಿಯನ್ನು ಉಜ್ಜಿ ಬೆರಳು ತೋರಿಸಿದರು, ಕೆಂಪಗೆ ತುಕ್ಕು.

ನಮಗೆ ಹತ್ತಿರದ ಕಂಪನಿ ವರ್ಕ್‌ಶಾಪ್ ಮಂಗಳೂರಿನದು. ಆದರೆ ಆ ವಾರ ದೊಡ್ಡತಪ್ಲು ಹತ್ತಿರ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್ ಆಗಿತ್ತು. ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ಬೆಂಗಳೂರಿಗೇ ಕಳಿಸಬೇಕಾಯಿತು. ಲಕ್ಷುರಿ ಗಾಡಿ ಕೊಳ್ಳುವ ಮಲೆನಾಡಿನವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಸನದಲ್ಲಿ ಯಾರೂ ಇದನ್ನು ಬಿಚ್ಚುವುದಿಲ್ಲ.

ಬೆಂಗಳೂರಿನ ವರ್ಕ್‌ಶಾಪಿನಲ್ಲಿ ನನ್ನ ಎದುರೇ ಕಾರ್ಪೆಟ್ ಎತ್ತಿದರು. ಕೆಳಗಿನ ದಪ್ಪ ಫೋಮ್ ಒತ್ತಿದರೆ ಇನ್ನೂ ತೇವ. ಕೆಸರು ಒಣಗಿ ಪುಡಿಯಾಗಿ ಮೂಲೆಯಲ್ಲಿ ಕೂತಿತ್ತು. ವೈರುಗಳ ಕನೆಕ್ಟರ್ ಒಂದನ್ನು ಬಿಚ್ಚಿ ತೋರಿಸಿದರು. ತೊಳೆಯದೆ ಬಿಟ್ಟ ತಾಮ್ರದ ಚೊಂಬಿನ ಹಾಗೆ ಹಸಿರು ಕಿಲುಬು. ಇಂಥ ಗಾಡಿಗಳಲ್ಲಿ ಏರ್‌ಬ್ಯಾಗಿಗೊಂದು, ಸೀಟಿಗೊಂದು, ಬಾಗಿಲಿಗೊಂದು ಅಂತ ಹತ್ತಾರು ಕಂಟ್ರೋಲ್ ಯೂನಿಟ್‌ಗಳಿರುತ್ತವೆ. ಅವುಗಳಲ್ಲಿ ಕೆಲವು, ಮತ್ತು ಎಲ್ಲಕ್ಕೂ ಹೋಗುವ ವೈರುಗಳು, ನೆಲದ ಮಟ್ಟದಲ್ಲೇ ಇರುತ್ತವೆ. ನೀರು ಇಳಿದ ತಕ್ಷಣ ಒಣಗಿಸಿದರೆ ಗಾಡಿ ಓಡುತ್ತದೆ, ತಿಂಗಳುಗಟ್ಟಲೆ ಓಡುತ್ತದೆ. ಕಿಲುಬು ಮಾತ್ರ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ನಮ್ಮ ಮಲೆನಾಡಿನ ತೇವದಲ್ಲಿ ಅದಕ್ಕೆ ಇನ್ನೂ ಹುರುಪು. ವೈರಿಂಗ್, ಯೂನಿಟ್‌ಗಳು ಎಲ್ಲ ಸೇರಿ 6 ಲಕ್ಷ 80 ಸಾವಿರ ಎಸ್ಟಿಮೇಟ್ ಕೊಟ್ಟರು. ಅದನ್ನು ಮಾಡಿಸಿದರೂ ಏರ್‌ಬ್ಯಾಗ್ ಬಗ್ಗೆ ಗ್ಯಾರಂಟಿ ಹೇಳುವುದಕ್ಕಾಗುವುದಿಲ್ಲ ಅಂದರು. ನನ್ನ ನಿದ್ದೆ ಕೆಡಿಸಿದ್ದು ದುಡ್ಡಲ್ಲ, ಆ ಮಾತು. ಹತ್ತು ವಾರ ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೆ.

ಚಾಸಿ ನಂಬರ್ ಹಾಕಿದಾಗ ಹಳೇ ದಾಖಲೆ ಬಂತು. 2022ರ ಸೆಪ್ಟೆಂಬರಿನಲ್ಲಿ ಗಾಡಿಯನ್ನು ಲಾರಿಯಲ್ಲಿ ತಂದದ್ದು, ಒಳಗೆ ನೀರು ಹೊಕ್ಕಿದ್ದು, ವೈರಿಂಗ್ ಬದಲಿಸಲು ಮಾಲೀಕರು ಒಪ್ಪದೆ ಒಂದಿಷ್ಟು ರಿಪೇರಿ ಮಾಡಿಸಿ ಒಯ್ದದ್ದು. ಆ ತಿಂಗಳು ಬೆಂಗಳೂರಿನಲ್ಲಿ ಏನಾಯಿತು ಅಂತ ನಿಮಗೂ ನೆನಪಿರಬಹುದು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಮುಳುಗಿ, ವಿಲ್ಲಾಗಳ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಕೋಟಿ ಬೆಲೆಯ ಕಾರುಗಳು ನೀರಲ್ಲಿ ನಿಂತ ಫೋಟೋಗಳನ್ನು ನಾವೂ ಫೋನಿನಲ್ಲಿ ನೋಡಿದ್ದೆವು. ಆ ಗಾಡಿಗಳೆಲ್ಲ ಆಮೇಲೆ ಎಲ್ಲಿ ಹೋದವು ಅಂತ ಒಮ್ಮೆಯೂ ಯೋಚಿಸಲಿಲ್ಲ. ರಿಪೇರಿ ಖರ್ಚು ವಿಮೆ ಮಾಡಿಸಿದ ಬೆಲೆಯ ಶೇ. 75 ದಾಟಿದರೆ ಇನ್ಶೂರೆನ್ಸಿನವರು ಅದನ್ನು ಪೂರ್ತಿ ನಷ್ಟ ಅಂತ ತೀರ್ಮಾನಿಸುತ್ತಾರೆ. ಅದಕ್ಕಿಂತ ಕೆಳಗಿದ್ದದ್ದು ರಿಪೇರಿಯಾಗಿ, ತೊಳೆದು, ಪಾಲಿಶ್ ಆಗಿ ಮತ್ತೆ ರಸ್ತೆಗೆ ಬರುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಇದೆಲ್ಲ ಗೊತ್ತಾಗುವ ಒಂದು ಕಾಗದ ಮೊದಲ ದಿನದಿಂದ ನನ್ನ ಕೈಯಲ್ಲೇ ಇತ್ತು. ಹಳೇ ಮಾಲೀಕರ ಇನ್ಶೂರೆನ್ಸ್ ಪಾಲಿಸಿ. ಅದರಲ್ಲಿ ನೋ ಕ್ಲೈಮ್ ಬೋನಸ್ ಅಂತ ಒಂದು ಸಾಲು ಇರುತ್ತದೆ. ಕ್ಲೈಮ್ ಮಾಡದವರಿಗೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಅದು. ಒಂದು ವರ್ಷ ಕ್ಲೈಮ್ ಮಾಡದಿದ್ದರೆ ಶೇ. 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ನಡುವೆ ಕ್ಲೈಮ್ ಮಾಡಿದರೆ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ ಶುರು. 2021ರ ಮಾರ್ಚ್‌ನ ಗಾಡಿ, ಒಬ್ಬರೇ ಮಾಲೀಕರು, ಒಂದು ಗೀರೂ ಇಲ್ಲ ಅಂದರೆ 2024ರ ಮಾರ್ಚ್‌ನ ಪಾಲಿಸಿಯಲ್ಲಿ 35 ಇರಬೇಕಿತ್ತು. ನಮ್ಮದರಲ್ಲಿ ಇದ್ದದ್ದು 20. ಅಂದರೆ 2022ರ ಮಾರ್ಚ್‌ನಿಂದ 2023ರ ಮಾರ್ಚ್ ಒಳಗೆ ಏನೋ ಕ್ಲೈಮ್ ಆಗಿದೆ. ಆ ಕಾಗದವನ್ನು ಹೆಸರು ವರ್ಗಾವಣೆಗೆ ಅಂತ ನಾನೇ ಜೆರಾಕ್ಸ್ ಮಾಡಿಸಿದ್ದೆ. ವ್ಯಾಲಿಡಿಟಿ ತಾರೀಕು ಮಾತ್ರ ನೋಡಿದ್ದೆ.

ಹಾಗಾಗಿ ಗಾಡಿಗಿಂತ ಮೊದಲು ಹಿಂದಿನ ಎಲ್ಲ ವರ್ಷಗಳ ಪಾಲಿಸಿ ಕೇಳಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಎಷ್ಟನೇ ಮಾಲೀಕರು, ಸಾಲ ಇದೆಯೇ, ಇನ್ಶೂರೆನ್ಸ್ ಎಲ್ಲಿವರೆಗೆ ಅನ್ನುವುದು ತಿಳಿಯುತ್ತದೆ, ನೀರಿನ ವಿಷಯ ತಿಳಿಯುವುದಿಲ್ಲ. ಚಾಸಿ ನಂಬರ್ ತೆಗೆದುಕೊಂಡು ಕಂಪನಿ ವರ್ಕ್‌ಶಾಪಿಗೆ ಹೋಗಿ. ಮಾಲೀಕರ ಒಪ್ಪಿಗೆ ಬೇಕು ಅಂದರೆ ಮಾಲೀಕರಿಂದಲೇ ಫೋನ್ ಮಾಡಿಸಿ. ಕಂಪನಿಯವರು ಆ ಗಾಡಿಗೆ ಎಕ್ಸ್‌ಟೆಂಡೆಡ್ ವಾರಂಟಿ ಕೊಡಲು ಒಪ್ಪುತ್ತಾರಾ ಕೇಳಿ. ನಮ್ಮದಕ್ಕೆ ನೀರಿನ ಕಾರಣಕ್ಕೇ ಆಗುವುದಿಲ್ಲ ಅಂದರು. ಐದೂ ಬೆಲ್ಟುಗಳನ್ನು ಕೊನೆಯವರೆಗೆ ಎಳೆಯಿರಿ, ಮುಂದಿನದು ಹೊಸದು ಹಾಕಿಸಿದ್ದರೂ ಹಿಂದಿನದು ಹಳೆಯದೇ ಇರಬಹುದು. ಸ್ಟೆಪ್ನಿ ಗುಂಡಿಯ ಮ್ಯಾಟ್ ಎತ್ತಿ, ಸೀಟಿನ ಬೋಲ್ಟ್‌ಗಳ ತಲೆ ನೋಡಿ, ಹೆಡ್‌ಲೈಟಿನೊಳಗೆ ನೀರಿನ ಗುರುತು ಹುಡುಕಿ. ಗಾಜು ಏರಿಸಿ, ಎಸಿ ಆಫ್ ಮಾಡಿ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಬಾಗಿಲು ತೆಗೆದು ಮೂಸಿ.

ಡೀಲರ್ ಬಳಿ ಹೋದರೆ, ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇನೆ ಅಂತ ನಾನು ಸಹಿ ಹಾಕಿದ ಇಂಗ್ಲಿಷ್ ಕಾಗದ ತೋರಿಸಿದರು. ವಕೀಲರು, ಗೊತ್ತಿದ್ದ ದೋಷ ಮುಚ್ಚಿಟ್ಟು ಮಾರಿದ್ದನ್ನು ಆ ಒಂದು ಸಾಲು ತೊಳೆದುಬಿಡುವುದಿಲ್ಲ ಅಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು. ಎರಡು ವರ್ಷದೊಳಗೆ ಹಾಕಬೇಕು. ಹಾಸನದಲ್ಲಿ ಹಾಕಿದ್ದೇವೆ. ವರ್ಕ್‌ಶಾಪಿನ ದಾಖಲೆ, ಕಾರ್ಪೆಟ್ ಎತ್ತಿದಾಗಿನ ವೀಡಿಯೊ, ಡೀಲರ್ ಜೊತೆಗಿನ ವಾಟ್ಸಾಪ್ ಮಾತು ಎಲ್ಲ ಒಪ್ಪಿಸಿದ್ದೇವೆ. ಮಾತಾಡುವಾಗ ಬಾಯಲ್ಲಿ ಹೇಳಿದ್ದನ್ನು ಆಮೇಲೆ ಮೆಸೇಜಿನಲ್ಲಿ ಬರೆಸಿಕೊಳ್ಳಿ. "ಗಾಡಿ ನೀರಲ್ಲಿ ಮುಳುಗಿಲ್ಲ" ಅಂತ ಬಿಲ್ಲಿನ ಮೇಲೇ ಬರೆಸಿದರೆ ಇನ್ನೂ ಒಳ್ಳೆಯದು.

ಹೋದ ತಿಂಗಳು ಪಕ್ಕದ ತೋಟದ ಹುಡುಗ 28 ಲಕ್ಷದ ಒಂದು ಗಾಡಿ ನೋಡಲು ನನ್ನನ್ನೂ ಕರೆದುಕೊಂಡು ಹೋದ. ಬೆಲ್ಟು ಎಳೆದೆ, ಶುಭ್ರವಾಗಿತ್ತು. ಕಂಬಿಯಲ್ಲಿ ತುಕ್ಕಿರಲಿಲ್ಲ. ಹಳೇ ಪಾಲಿಸಿ ಕೊಡಿ ಅಂದೆವು. "ಹೊಸ ಇನ್ಶೂರೆನ್ಸ್ ನಾವೇ ಮಾಡಿಸಿಕೊಡ್ತೀವಿ ಸಾರ್, ಹಳೇದು ಯಾಕೆ" ಅಂದರು. ಮೂರು ಸಲ ಕೇಳಿದರೂ ಅದೇ ಉತ್ತರ. ಹುಡುಗ ನನ್ನ ಮುಖ ನೋಡಿದ. ಟೋಕನ್ ಕೊಡದೆ ಸಂಜೆಯ ಬಸ್ಸಿಗೆ ಇಬ್ಬರೂ ಊರಿಗೆ ಬಂದೆವು.